ಚರ್ಮದಾಚೆಗೆ ಕರೆಂಟ್: ಪುಟ್ಟ ಮಾದರಿ ಮಾಡುವುದು ಹೇಗೆ?

ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳದವರಿಗೆ ಆಪರೇಷನ್ ಮಾಡಿ ಕೂರಿಸುವ ಶ್ರವಣ ಸಾಧನ) ಹಾಕಿಸಿಕೊಂಡ ಮಗುವಿನ ಕಿವಿಯ ಹಿಂದೆ ಒಂದು ದುಂಡನೆಯ ಬಿಲ್ಲೆ ಇರುತ್ತದೆ, ನೋಡಿದ್ದೀರಾ? ಅದರೊಳಗೆ ತಾಮ್ರದ ಸುರುಳಿ ಇದೆ. ಚರ್ಮದ ಕೆಳಗೆ ಇನ್ನೊಂದು ಸುರುಳಿ. ಒಳಗಿನ ಸಾಧನದಲ್ಲಿ ಬ್ಯಾಟರಿಯೇ ಇರುವುದಿಲ್ಲ. ಶಕ್ತಿಯೆಲ್ಲ ಹೊರಗಿನ ಸುರುಳಿಯಿಂದಲೇ ಹೋಗುತ್ತದೆ. ಇದರ ಮಾದರಿಯನ್ನು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ತುಂಬಾ ಮಕ್ಕಳು ಮಾಡುತ್ತಾರೆ. ಅಲ್ಲಿ ಎಷ್ಟೋ ಎಲ್‌ಇಡಿ ಹೊತ್ತಿಕೊಳ್ಳುವುದೇ ಇಲ್ಲ. ಹೆಚ್ಚಿನ ಸಲ ಅದಕ್ಕೆ ಒಂದೇ ಕಾರಣ.

ಸಾಮಾನು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತದೆ: 26 ಗೇಜ್ ಎನಾಮಲ್ ತಂತಿ, 2ಎನ್2222 ಟ್ರಾನ್ಸಿಸ್ಟರ್, 22 ಕಿಲೋ ಓಮ್ ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ, ಕೆಂಪು ಎಲ್‌ಇಡಿ. ರೆಡಿಮೇಡ್ ಮಾಡ್ಯೂಲ್ ಬೇಡ. ಅದರಲ್ಲಿ ಎಲ್‌ಇಡಿ ಉರಿಯುತ್ತದೆ ನಿಜ, ಆದರೆ ಮಗು ಏನೂ ಕಲಿಯುವುದಿಲ್ಲ.

8 ಸೆಂ.ಮೀ. ಅಗಲದ ಡಬ್ಬಿಗೆ 15 ಸುತ್ತು ಸುತ್ತಿ, ತಂತಿ ಕತ್ತರಿಸದೆ ಒಂದು ಕುಣಿಕೆ ಬಿಟ್ಟು, ಅದೇ ದಿಕ್ಕಿನಲ್ಲಿ ಇನ್ನೂ 15 ಸುತ್ತಿ. ಇನ್ನೊಂದು ಸುರುಳಿಗೆ ಕುಣಿಕೆ ಇಲ್ಲದೆ 30 ಸುತ್ತು.

ಈಗ ಎಲ್ಲರೂ ಎಡವುವ ಜಾಗ. ಎನಾಮಲ್ ತಂತಿ ಬರೀ ತಾಮ್ರದ ಹಾಗೆ ಕಾಣುತ್ತದೆ. ಆದರೆ ಮೈತುಂಬ ವಾರ್ನಿಷ್ ಇರುತ್ತದೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ತುದಿಯನ್ನು ಎರಡು ಸೆಂಟಿಮೀಟರ್ ಉದ್ದಕ್ಕೆ ಮರಳು ಕಾಗದದಿಂದ ಉಜ್ಜಿ. ಒಂದೇ ಮಗ್ಗುಲಲ್ಲ, ಬೆರಳಲ್ಲಿ ಹೊರಳಿಸುತ್ತಾ ಸುತ್ತಲೂ. ಕಂದು ಬಣ್ಣ ಹೋಗಿ ಹೊಸ ತಾಮ್ರದ ಗುಲಾಬಿ ಹೊಳಪು ಬರಬೇಕು. ಕುಣಿಕೆಯ ಎರಡೂ ಎಳೆ ಉಜ್ಜಿದ ಮೇಲೆಯೇ ಹೆಣೆಯಿರಿ. ಆಮೇಲೆ ತುದಿಗಳಿಗೆ ಸೋಲ್ಡರ್ ಹಚ್ಚಿ. ಸೋಲ್ಡರ್ ಗುಂಡಗೆ ನಿಂತು ಜಾರಿದರೆ ವಾರ್ನಿಷ್ ಇನ್ನೂ ಉಳಿದಿದೆ, ಮತ್ತೆ ಉಜ್ಜಿ. ಬೆಂಕಿಕಡ್ಡಿಯಲ್ಲಿ ಸುಡುವ ಶಾರ್ಟ್‌ಕಟ್ ಬೇಡವೇ ಬೇಡ. ಮಸಿ ಕೂತು ಸೋಲ್ಡರ್ ಹಿಡಿಯುವುದಿಲ್ಲ. ಸುರುಳಿಯ ಎರಡು ತುದಿಗೆ ಮಲ್ಟಿಮೀಟರ್ ಮುಟ್ಟಿಸಿ, ಕರೆಂಟ್ ಹರಿಯುತ್ತದೆ ಎನ್ನುವ ಬೀಪ್ ಕೇಳುವವರೆಗೆ ಮುಂದೆ ಹೋಗಬೇಡಿ.

ಟ್ರಾನ್ಸಿಸ್ಟರಿಗೆ ಮೂರು ಕಾಲು: ಕಲೆಕ್ಟರ್, ಬೇಸ್, ಎಮಿಟರ್. ಕುಣಿಕೆ ಬ್ಯಾಟರಿಯ ಪ್ಲಸ್‌ಗೆ, ಒಂದು ತುದಿ ಕಲೆಕ್ಟರ್‌ಗೆ, ಇನ್ನೊಂದು ರೆಸಿಸ್ಟರ್ ಮೂಲಕ ಬೇಸ್‌ಗೆ, ಎಮಿಟರ್ ಮೈನಸ್‌ಗೆ. 2ಎನ್2222 ಕೇಳಿದರೆ ಅಂಗಡಿಯಲ್ಲಿ ಪಿಎನ್2222 ಅಥವಾ ಪಿ2ಎನ್2222 ಕೊಟ್ಟು ಎರಡೂ ಒಂದೇ ಅಂತಾರೆ, ಆದರೆ ಅವೆರಡರ ಕಾಲುಗಳ ಕ್ರಮ ತಿರುಗುಮುರುಗು. ತಯಾರಕರು ಕೊಡುವ ಡೇಟಾಶೀಟ್ (ವಿವರ ಪತ್ರ) ನೋಡಿಯೇ ಜೋಡಿಸಿ. 30 ಸುತ್ತಿನ ಸುರುಳಿಗೆ ಎಲ್‌ಇಡಿ ಬೆಸೆದು ಹತ್ತಿರ ತನ್ನಿ.

ಉರಿಯಿತಾ? ನಿಜವಾದ ಪಾಠ ಈಗ ಶುರು. ಸುರುಳಿಯನ್ನು ನಿಧಾನವಾಗಿ ಓರೆ ಮಾಡಿ. ಬೆಳಕು ಕುಂದುತ್ತಾ ಬಂದು, ಲಂಬವಾದಾಗ ಆರುತ್ತದೆ. ಕಿವಿಯ ಹಿಂದಿನ ಬಿಲ್ಲೆಗೆ ಅಯಸ್ಕಾಂತ ಇಟ್ಟಿರುವುದು ಇದಕ್ಕೇ, ಎರಡು ಸುರುಳಿ ಎದುರುಬದುರು ನಿಲ್ಲಲಿ ಅಂತ. ಲೀಟರ್ ನೀರಿಗೆ 9 ಗ್ರಾಂ ಉಪ್ಪು ಬೆರೆಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ತೆಳ್ಳಗೆ ಹಾಕಿ ನಡುವೆ ಇಡಿ: ಉಪ್ಪು ನಮ್ಮ ಮೈಯ ದ್ರವದಷ್ಟೇ ಇದೆ, ಬೆಳಕು ಹಾಗೇ ಇರುತ್ತದೆ. ಸ್ಟೀಲ್ ತಟ್ಟೆ ಇಡಿ, ಆರುತ್ತದೆ. ಕಾಕ್ಲಿಯರ್ ಇಂಪ್ಲಾಂಟಿನ ಸುರುಳಿಯನ್ನು ಟೈಟಾನಿಯಂ ಪೆಟ್ಟಿಗೆಯ ಹೊರಗೆ, ಸಿಲಿಕೋನ್‌ನಲ್ಲಿ ಇಡುವುದು ಯಾಕೆಂದು ಮಕ್ಕಳಿಗೆ ಆಗ ಹೊಳೆಯುತ್ತದೆ.

ಕೊನೆಗೆ ಬೆರಳ ತುದಿಯಷ್ಟು ಸಣ್ಣ ಸುರುಳಿ ಸುತ್ತಿ ನೋಡಿ. ತೀರಾ ಹತ್ತಿರ ತಂದರೂ ಉರಿಯುವುದು ಕಷ್ಟ. ಅಕ್ಕಿಕಾಳಿನಷ್ಟು ಸಾಧನಗಳಿಗೆ ಅಲ್ಟ್ರಾಸೌಂಡ್‌ನಿಂದ ಶಕ್ತಿ ಕಳಿಸಲು ಸಂಶೋಧಕರು ಹೊರಟಿದ್ದು ಇದೇ ಕಾರಣಕ್ಕೆ. ಮೈಯೊಳಗೆ 1 ಮೆಗಾಹರ್ಟ್ಸ್ ಶಬ್ದದ ಅಲೆಯ ಉದ್ದ ಸುಮಾರು 1.5 ಮಿ.ಮೀ. ಮಾತ್ರ, ಹಾಗಾಗಿ ಅಷ್ಟು ಸಣ್ಣ ಸಾಧನವೂ ಅದನ್ನು ಹಿಡಿಯಬಲ್ಲದು.

ಪೇಸ್‌ಮೇಕರ್ ಇರುವ ಅಜ್ಜ ಅಜ್ಜಿಯರ ಹತ್ತಿರ ಇದನ್ನು ಹಚ್ಚಬೇಡಿ.