ಮೀನುಗಾರಿಕೆ ಬಂದ್ ಆದರೂ ಸಂಬಳ ನಿಲ್ಲದು: ನನ್ನ ಅನುಭವ

ಕಾರವಾರದಲ್ಲಿ ನನ್ನದೊಂದು ಸಣ್ಣ ಮೀನೂಟದ ಖಾನಾವಳಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಮೀನು ತುಟ್ಟಿ, ಗಿರಾಕಿಯೂ ಕಡಿಮೆ, ಆದರೆ ಬಾಡಿಗೆ ಮತ್ತು ಹುಡುಗರ ಸಂಬಳ ನಿಲ್ಲುವುದಿಲ್ಲ ಅಲ್ವಾ? ಪ್ರತಿ ವರ್ಷ ಕೈಸಾಲ. ಒಮ್ಮೆ ಹೆಂಡತಿಯ ಬಳೆಯನ್ನೂ ಅಡವಿಟ್ಟೆ.

ಕೊನೆಗೆ ಕೂತು ಬರೆದು ನೋಡಿದೆ. ಮನೆ ಸಾಮಾನು, ಸ್ಕೂಟರಿನ ಪೆಟ್ರೋಲು ಎಲ್ಲ ಗಲ್ಲಾಪೆಟ್ಟಿಗೆಯಿಂದಲೇ ಹೋಗುತ್ತಿತ್ತು! ಆ ಎರಡು ತಿಂಗಳಿಗೆ ಬೇಕಾದದ್ದು 90,000 ರೂಪಾಯಿ. ಉಳಿದ 300 ದಿನಕ್ಕೆ ಹಂಚಿದರೆ ದಿನಕ್ಕೆ 300. ಬೇರೆ ಖಾತೆ ತೆರೆದು ರಾತ್ರಿ ಬಾಗಿಲು ಹಾಕುವ ಮೊದಲು ಅಷ್ಟನ್ನು ಅದಕ್ಕೆ ಹಾಕತೊಡಗಿದೆ, ಎಟಿಎಂ ಕಾರ್ಡ್ ಮಾತ್ರ ತೆಗೆದುಕೊಳ್ಳಲಿಲ್ಲ (ನನ್ನ ಕೈ ನನಗೆ ಗೊತ್ತು). ನನಗೂ ತಿಂಗಳಿಗೆ ಇಂತಿಷ್ಟೇ ಸಂಬಳ. ಒಣಮೀನು ಮೇ ತಿಂಗಳಲ್ಲೇ ತುಂಬಿಟ್ಟೆ. ಈ ಜೂನ್‌ನಲ್ಲಿ ಯಾರ ಹತ್ತಿರವೂ ಸಾಲ ಕೇಳಲಿಲ್ಲ, ಬಳೆಯೂ ಮನೆಗೆ ಬಂತು.