ಸಿಂಗಳೀಕದ ದಾಖಲೆಗಳನ್ನು ತಿದ್ದುವಾಗ ಅಳಿಸುವ ಅವಸರ ಬೇಡ

ಪಶ್ಚಿಮ ಘಟ್ಟ ಬಿಟ್ಟರೆ ಸಿಂಗಳೀಕ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲ. ಆದರೂ ಜಿಬಿಐಎಫ್‌ನಂಥ ಜೀವಿದಾಖಲೆಗಳ ಅಂತರ್ಜಾಲ ಭಂಡಾರದಿಂದ ಅದು ಕಂಡ ಜಾಗಗಳ ದಾಖಲೆಗಳನ್ನು ಇಳಿಸಿಕೊಂಡು ನಕ್ಷೆಯ ಮೇಲೆ ಹರಡಿದರೆ ಕೆಲವು ಚುಕ್ಕಿಗಳು ಕಡಲಿನಲ್ಲೋ ದೂರದ ನಗರದಲ್ಲೋ ಬಿದ್ದಿರಬಹುದು. ಅಂಥದ್ದು ಕಂಡೊಡನೆ ವಿದ್ಯಾರ್ಥಿಗಳ ಕೈ ಅಳಿಸುವ ಗುಂಡಿಯತ್ತ ಹೋಗುತ್ತದೆ. ನಾನು ಅಲ್ಲೇ ತಡೆಯುತ್ತೇನೆ. ಮೂಲ ಕಡತವನ್ನು ಮುಟ್ಟದೆ ತೆಗೆದಿಡಿ, ಜೊತೆಗೆ ಸಿಗುವ ಡಿಒಐ ಸಂಖ್ಯೆಯನ್ನು (ಆ ಕಡತದ ಶಾಶ್ವತ ಗುರುತು) ಬರೆದುಕೊಳ್ಳಿ. ಅದರ ಒಂದು ನಕಲು ಮಾಡಿಕೊಂಡು ಆ ನಕಲಿನಲ್ಲಿ ‘ಶಂಕೆ’, ‘ಕಾರಣ’ ಎಂಬ ಎರಡು ಕಾಲಂ ಸೇರಿಸಿ. ಯಾವ ಸಾಲನ್ನು ಬಿಟ್ಟಿರಿ, ಏಕೆ ಬಿಟ್ಟಿರಿ ಎಂಬುದು ಮುಂದೆ ನಕ್ಷೆ ನೋಡುವವರಿಗೆ ತಿಳಿಯಲೇಬೇಕು.

ಮೊದಲು ‘ಬೇಸಿಸ್ ಆಫ್ ರೆಕಾರ್ಡ್’, ಅಂದರೆ ದಾಖಲೆಗೆ ಆಧಾರವೇನು ಎಂಬ ಕಾಲಂ ನೋಡಿ. ‘ಲಿವಿಂಗ್ ಸ್ಪೆಸಿಮನ್’ (ಜೀವಂತ ಮಾದರಿ) ಎಂದಿದ್ದರೆ ಅದು ಮೃಗಾಲಯದ ಪ್ರಾಣಿ. ಆದರೆ ಮೃಗಾಲಯದಲ್ಲಿ ತೆಗೆದ ಚಿತ್ರ ಸಾಮಾನ್ಯ ವೀಕ್ಷಣೆಯಾಗಿಯೂ ನುಸುಳಿರುತ್ತದೆ. ಹಿನ್ನೆಲೆಯ ಬೇಲಿ, ಕಾಂಕ್ರೀಟ್ ನೋಡಿದರೆ ತಿಳಿಯುತ್ತದೆ. ಚಿತ್ರ ನೋಡುವಾಗಲೇ ಜಾತಿಯನ್ನೂ ಖಚಿತಪಡಿಸಿಕೊಳ್ಳಿ. ದಕ್ಷಿಣದ ಕಾಡುಗಳಲ್ಲಿ ಕರಿಮೈಯ ನೀಲಗಿರಿ ಲಂಗೂರ್ ಕೂಡ ಇದೆ. ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು ಇದ್ದರೆ ಸಿಂಗಳೀಕ.

ಸ್ಥಳದ ತಪ್ಪುಗಳಲ್ಲಿ ಕೆಲವು ತಾವೇ ಕೂಗಿ ಹೇಳುತ್ತವೆ. ಅಕ್ಷಾಂಶ, ರೇಖಾಂಶ ಎರಡೂ ಸೊನ್ನೆಯಾದರೆ ಚುಕ್ಕಿ ಆಫ್ರಿಕಾದ ಪಶ್ಚಿಮದ ಗಿನಿ ಕೊಲ್ಲಿಯಲ್ಲಿ ಬೀಳುತ್ತದೆ. ಎರಡೂ ಅದಲುಬದಲಾದರೆ ಶಿರಸಿ ನಾರ್ವೆಯ ಉತ್ತರದ ಕಡಲು ಸೇರುತ್ತದೆ. ಆರ್ ಎಂಬ ಗಣಕ ಭಾಷೆಯ ಕೋಆರ್ಡಿನೇಟ್‌ಕ್ಲೀನರ್ ತಂತ್ರಾಂಶ ಸೊನ್ನೆಗಳನ್ನೂ, ಕಡಲಿನ ಚುಕ್ಕಿಗಳನ್ನೂ, ದೇಶದ ನಡುಬಿಂದುವಿಗೆ ಅಂಟಿಸಿದ ದಾಖಲೆಗಳನ್ನೂ ಗುರುತಿಸುತ್ತದೆ. ನನಗೆ ಭಯ ಹುಟ್ಟಿಸುವುದು ನೆಲದ ಮೇಲೇ ಬೀಳುವ ತಪ್ಪು. ಶಿರಸಿ ಇರುವುದು 14 ಡಿಗ್ರಿ 37 ನಿಮಿಷ ಉತ್ತರ, 74 ಡಿಗ್ರಿ 50 ನಿಮಿಷ ಪೂರ್ವದಲ್ಲಿ. ದಶಮಾಂಶದಲ್ಲಿ ಅದು 14.62, 74.83. ಯಾರಾದರೂ ನಿಮಿಷವನ್ನು 60ರಿಂದ ಭಾಗಿಸದೆ 14.37, 74.50 ಎಂದು ಬರೆದರೆ ಘಟ್ಟದ ಮೇಲಿನ ಊರು ಸುಮಾರು 45 ಕಿಲೋಮೀಟರ್ ಜರುಗಿ ಕುಮಟಾ–ಹೊನ್ನಾವರದ ಕರಾವಳಿಗೆ ಇಳಿಯುತ್ತದೆ. ಯಾವ ತಂತ್ರಾಂಶಕ್ಕೂ ಇದು ಸುಲಭವಾಗಿ ಅನುಮಾನ ತರಿಸದು. ಒಂದೇ ಮೂಲದಿಂದ ಬಂದ ಸಾಲುಗಳನ್ನು ಒಟ್ಟಿಗೆ ನೋಡಿ: ದಶಮಾಂಶ ಬಿಂದುವಿನ ನಂತರದ ಮೊದಲ ಎರಡು ಅಂಕಿ ಎಲ್ಲೂ 59 ದಾಟದಿದ್ದರೆ ಅವು ನಿಮಿಷಗಳೇ ಇರಬೇಕು. ದಾಖಲೆಯಲ್ಲಿರುವ ಊರಿನ ಹೆಸರಿನೊಡನೆ ತಾಳೆ ಹಾಕಿದರೆ ಸಂಶಯ ತೀರುತ್ತದೆ.

ಬೇಕೆಂದೇ ಮಸುಕಾಗಿಸಿದ ಸ್ಥಳಗಳ ಮಾತು ಬೇರೆ. ಅಪಾಯದಲ್ಲಿರುವ ಜೀವಿಗಳ ನಿಖರ ನೆಲೆಯನ್ನು ಜನರು ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ತಾಣ ಬಚ್ಚಿಟ್ಟು, 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಚುಕ್ಕಿ ತೋರಿಸುತ್ತದೆ. ಅದು ತಪ್ಪಲ್ಲ, ಪ್ರಾಣಿಯ ರಕ್ಷಣೆ. ದಯವಿಟ್ಟು ಅಸಲಿ ಜಾಗ ಊಹಿಸಲು ಹೋಗಬೇಡಿ. ಸ್ಥಳ ಎಷ್ಟು ದೂರ ತಪ್ಪಿರಬಹುದೆಂದು ಹೇಳುವ ಅನಿಶ್ಚಿತತೆಯ ಕಾಲಂನಲ್ಲಿ 30 ಕಿಲೋಮೀಟರ್ ಆಸುಪಾಸಿನ ಅಂಕಿ ಇದ್ದರೆ ಅಂಥ ದಾಖಲೆಯನ್ನು ಜಿಲ್ಲಾ ಮಟ್ಟದ ಪಟ್ಟಿಗೆ ಬಳಸಿ. ಒಂದು ಕಿಲೋಮೀಟರ್ ಚೌಕದ ಹವಾಮಾನ ಮಾದರಿಗೆ ಬೇಡ.

ದಿನಾಂಕ, ನಕಲುಗಳ ಕೆಲಸ ಬೇಗ ಮುಗಿಯುತ್ತದೆ. ಜನವರಿ 1ರ ದಾಖಲೆಗಳು ಗುಂಪಾಗಿದ್ದರೆ ಇಸವಿ ಮಾತ್ರ ಗೊತ್ತಿತ್ತೆಂದು ಶಂಕಿಸಿ. ದಿನ, ಸ್ಥಳ, ನೋಡಿದವರು ಮೂರೂ ಒಂದೇ ಆದರೆ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಕೊನೆಗೆ ಗುಂಪಿನಿಂದ ದೂರ ನಿಂತ ಚುಕ್ಕಿಗಳು. ಕೇರಳ, ತಮಿಳುನಾಡಿನ ದಾಖಲೆಗಳು ದಟ್ಟವಾಗಿದ್ದರೆ, ದೂರವನ್ನಷ್ಟೇ ಅಳೆಯುವ ಸೂತ್ರ ಶಿರಸಿ–ಹೊನ್ನಾವರ ಕಾಡಿನ ಸಿಂಗಳೀಕಗಳನ್ನೇ ತಪ್ಪೆಂದು ಹೊರಹಾಕಬಹುದು. ಅವು ಈ ಪ್ರಾಣಿಯ ಉತ್ತರ ಗಡಿಯ ಗುಂಪುಗಳು. ಅವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಗಡಿಯ ಚುಕ್ಕಿಯನ್ನು ಕಳೆದುಕೊಂಡ ನಕ್ಷೆ ಆ ಕಾಡಿಗೆ ಮಾಡುವ ಅನ್ಯಾಯ ದೊಡ್ಡದು. ಆದ್ದರಿಂದ ದೂರದ ಪ್ರತಿಯೊಂದು ಚುಕ್ಕಿಗೂ ಚಿತ್ರ, ಊರು, ಕಾಡಿನ ಬಗೆ ನೋಡಿ, ಆ ಭಾಗದ ಕ್ಷೇತ್ರ ಸಂಶೋಧಕರನ್ನು ಕೇಳಿ. ತಪ್ಪೆಂದು ಖಚಿತವಾದರೆ ದಾಖಲೆ ಪ್ರಕಟಿಸಿದ ಸಂಸ್ಥೆಗೂ ತಿಳಿಸಿ. ನಿಮ್ಮ ಪ್ರತಿಯಲ್ಲಿ ಮಾತ್ರ ತಿದ್ದಿದರೆ ಮುಂದಿನವರು ಮತ್ತೆ ಅದೇ ತಪ್ಪನ್ನು ಇಳಿಸಿಕೊಳ್ಳುತ್ತಾರೆ.