ಫೋಟೋ ಪ್ರಿಂಟ್ ಕೆಟ್ಟು ಬಂದರೆ ಕ್ಲೀನಿಂಗ್ ಬಟನ್ ಒತ್ತುವ ಮೊದಲು

ಚಿಕ್ಕಮಗಳೂರಿನಲ್ಲಿ ಮನೆಯಲ್ಲೇ ಫೋಟೋ ಪ್ರಿಂಟ್ ಹಾಕುವವರಿಗೆ ಎರಡು ಕಾಟ. ಬೇಸಿಗೆಯಲ್ಲಿ ಇಂಕ್ ಒಣಗುತ್ತದೆ, ಮಳೆಗಾಲದಲ್ಲಿ ಪೇಪರ್ ಥಂಡಿ ಹಿಡಿಯುತ್ತದೆ. ಎರಡಕ್ಕೂ ಜನ ಮಾಡುವುದು ಒಂದೇ ಕೆಲಸ, ಹೆಡ್ ಕ್ಲೀನಿಂಗ್, ಅಂದರೆ ಇಂಕ್ ಚಿಮ್ಮುವ ಹೆಡ್ ಅನ್ನು ಪ್ರಿಂಟರ್ ತಾನೇ ತೊಳೆದುಕೊಳ್ಳುವ ಆಯ್ಕೆಯನ್ನು ಒತ್ತುವುದು. ಅಕ್ಕಪಕ್ಕದವರು ಬಂದು ಕೇಳಿದಾಗಲೆಲ್ಲ ನಾನು ಹೇಳುತ್ತೇನೆ, ಅದಕ್ಕೆ ಈಗಲೇ ಕೈ ಹಾಕಬೇಡಿ. ಕ್ಲೀನಿಂಗ್ ಮಾಡಿದಷ್ಟೂ ಇಂಕ್ ಒಳಗೆ ಪೋಲಾದ ಇಂಕ್ ಹೀರುವ ಪ್ಯಾಡ್‌ಗೆ ಇಳಿಯುತ್ತದೆ. ಪ್ಯಾಡ್ ತುಂಬಿತು ಅಂತ ಪ್ರಿಂಟರ್ ಲೆಕ್ಕ ಹಾಕಿದರೆ ಕೆಲಸವನ್ನೇ ನಿಲ್ಲಿಸುತ್ತದೆ. ತಪ್ಪು ಪೇಪರಿನಲ್ಲೋ ಸೆಟ್ಟಿಂಗಿನಲ್ಲೋ ಇದ್ದರೆ ಎಷ್ಟು ಕ್ಲೀನ್ ಮಾಡಿದರೂ ಪ್ರಯೋಜನ ಇಲ್ಲ.

ಮೊದಲ ಕೆಲಸ ನಾಝಲ್ ಚೆಕ್, ಅಂದರೆ ಹೆಡ್‌ನಲ್ಲಿ ಇಂಕ್ ಬರುವ ಸಣ್ಣ ತೂತುಗಳ ಪರೀಕ್ಷೆ. ಸಾದಾ ಎ4 ಹಾಳೆ ಸಾಕು, ಇಂಕ್ ಹೆಚ್ಚೇನೂ ಹೋಗುವುದಿಲ್ಲ. ಪ್ರತಿ ಬಣ್ಣದ ಸಣ್ಣ ಸಣ್ಣ ಗೆರೆಗಳು ಬರುತ್ತವೆ. ಎಲ್ಲವೂ ತುಂಡಾಗದೆ ಬಂದಿದ್ದರೆ ಹೆಡ್ ಸರಿ ಇದೆ, ತೊಂದರೆ ಬೇರೆ ಕಡೆ ಇದೆ. ಹಳದಿ ಗೆರೆ ಬಿಳಿ ಹಾಳೆಯಲ್ಲಿ ಕಾಣುವುದೇ ಕಷ್ಟ, ಅಲ್ವಾ? ಟಾರ್ಚಿಗೆ ನೀಲಿ ಬಣ್ಣದ ಪಾರದರ್ಶಕ ಕಾಗದ ಸುತ್ತಿ ಕತ್ತಲಲ್ಲಿ ಹಾಳೆ ಮೇಲೆ ಬಿಡಿ. ಹಳದಿ ಇಂಕ್ ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಗೆರೆ ಕಪ್ಪಗೆ ಎದ್ದು ಕಾಣುತ್ತದೆ. ಹಳದಿ ಕಟ್ಟಿಕೊಂಡಿರುವುದು ಗೊತ್ತಾಗದೆ ಮುಖದ ಬಣ್ಣ ಸರಿಮಾಡಲು ಗಂಟೆಗಟ್ಟಲೆ ಒದ್ದಾಡುವವರಿದ್ದಾರೆ.

ಗೆರೆ ತುಂಡಾಗಿದ್ದರೆ ಒಂದು ಸಲ ಕ್ಲೀನಿಂಗ್ ಮಾಡಿ, ಮತ್ತೆ ನಾಝಲ್ ಚೆಕ್ ಹಾಕಿ. ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಲ್ಲಿ ಆತುರ ಬೇಡ, ಏಕೆಂದರೆ ಅರ್ಧ ಉತ್ತರ ಇಲ್ಲೇ ಇದೆ. ಗೆರೆ ಅದೇ ಜಾಗದಲ್ಲಿ ತುಂಡಾಗಿದ್ದರೆ ಇಂಕ್ ಒಣಗಿ ಕಟ್ಟಿದೆ ಎಂದು ತಿಳಿಯಬಹುದು. ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ತುಂಡಾದರೆ ಬಹುತೇಕ ಅದು ಗಾಳಿ. ಟ್ಯಾಂಕ್ ಇರುವ ಪ್ರಿಂಟರ್‌ನಲ್ಲಿ, ಹೆಡ್‌ಗೆ ಇಂಕ್ ತರುವ ಪೈಪಿನೊಳಗೆ ಗಾಳಿಗುಳ್ಳೆ ಸೇರಿರುತ್ತದೆ. ಟ್ಯಾಂಕಿನ ಇಂಕ್ ಕೆಳಗಿನ ಗುರುತಿಗಿಂತ ಇಳಿದರೆ ಹೀಗಾಗುತ್ತದೆ. ಮೊದಲು ಟ್ಯಾಂಕ್ ತುಂಬಿಸಿ. ಗಾಳಿಗೆ ಮತ್ತೆ ಮತ್ತೆ ಕ್ಲೀನಿಂಗ್ ಮಾಡುವುದು ಮದ್ದಲ್ಲ, ಬಿಡುವು ಕೊಡುವುದೇ ಮದ್ದು. ಪ್ರಿಂಟರ್ ಆಫ್ ಮಾಡಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿ. ಒಣಗಿದ ಇಂಕಿಗೂ ಈ ಬಿಡುವು ಒಳ್ಳೆಯದು, ಕ್ಲೀನಿಂಗ್‌ನಲ್ಲಿ ಬಂದ ಹೊಸ ಇಂಕ್ ನಿಧಾನವಾಗಿ ಹಳೆಯದನ್ನು ನೆನೆಸುತ್ತದೆ. ಮೂರು ಸಲಕ್ಕಿಂತ ಹೆಚ್ಚು ಒಂದೇ ಬೈಠಕ್‌ನಲ್ಲಿ ಕ್ಲೀನ್ ಮಾಡಬೇಡಿ. ಪವರ್ ಕ್ಲೀನಿಂಗ್ ಎನ್ನುವ ಆಯ್ಕೆ ಕೊನೆಯದಾಗಿರಲಿ, ಅದು ಇಂಕ್ ಬಹಳ ಕುಡಿಯುತ್ತದೆ.

ಕಾರ್ಟ್ರಿಜ್‌ನಲ್ಲೇ ಹೆಡ್ ಇರುವ ಪ್ರಿಂಟರ್ ಆದರೆ ಕೆಲಸ ಇನ್ನೂ ಸುಲಭ. ಕಾರ್ಟ್ರಿಜ್ ತೆಗೆಯಿರಿ. ನೂಲು ಬಿಡದ ಬಟ್ಟೆಯನ್ನು ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರ್‌ನಲ್ಲಿ ಒದ್ದೆ ಮಾಡಿ, ನಾಝಲ್ ಇರುವ ಕೆಳಭಾಗವನ್ನು ಅದರ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಉಜ್ಜಬೇಡಿ. ತಾಮ್ರದ ಬಣ್ಣದ ಚುಕ್ಕೆಗಳನ್ನು ಮುಟ್ಟಬೇಡಿ. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಬೋರ್‌ವೆಲ್ ನೀರು ಬೇಡವೇ ಬೇಡ, ಅದರ ಉಪ್ಪು ಒಣಗಿ ತೂತಿನಲ್ಲೇ ಕೂರುತ್ತದೆ.

ಇಂಕ್ ಒಣಗುವುದಕ್ಕೆ ನಮ್ಮಲ್ಲಿ ಒಂದು ದೊಡ್ಡ ಕಾರಣ ಗೋಡೆಯ ಸ್ವಿಚ್. ಪ್ರಿಂಟರ್‌ನ ಸ್ವಂತ ಬಟನ್‌ನಿಂದ ಆಫ್ ಮಾಡಿದರೆ ಹೆಡ್ ತನ್ನ ಜಾಗಕ್ಕೆ ಹೋಗಿ, ಕೆಳಗಿನ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಪ್ರಿಂಟ್ ಆಗುತ್ತಿರುವಾಗಲೇ ಸ್ವಿಚ್ ಎಳೆದರೆ ಹೆಡ್ ನಡುದಾರಿಯಲ್ಲಿ ಬಾಯಿ ತೆರೆದುಕೊಂಡೇ ನಿಲ್ಲುತ್ತದೆ. ಕರೆಂಟ್ ಹೋದರೂ ಅದೇ ಕಥೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಬಂದ ಕೂಡಲೇ ಪ್ರಿಂಟರ್ ಆನ್ ಮಾಡಿ, ಸದ್ದು ನಿಂತ ಮೇಲೆ ಬಟನ್‌ನಿಂದಲೇ ಆಫ್ ಮಾಡಿ. ವಾರಕ್ಕೊಂದು ಬಣ್ಣದ ಸಣ್ಣ ಪ್ರಿಂಟ್ ಹಾಕಿ. ಒಂದು ಹಾಳೆಯ ಖರ್ಚು ಹೊಸ ಹೆಡ್‌ನ ಖರ್ಚಿನ ಮುಂದೆ ಏನೂ ಅಲ್ಲ.

ಈಗ ನಾಝಲ್ ಚೆಕ್ ಚೆನ್ನಾಗಿದೆ, ಆದರೂ ಫೋಟೋದಲ್ಲಿ ಗೆರೆ ಬರುತ್ತಿದೆ ಎನ್ನಿ. ಗೆರೆ ಯಾವ ದಿಕ್ಕಿಗೆ ಇದೆ ನೋಡಿ. ಫೋಟೋ ನಿಂತಿದೆಯೋ ಮಲಗಿದೆಯೋ ಎಂದು ನೋಡಬೇಡಿ, ಪೇಪರ್ ಒಳಗೆ ಹೋದ ದಿಕ್ಕನ್ನು ನೋಡಿ. ಹೆಡ್ ಎಡಕ್ಕೂ ಬಲಕ್ಕೂ ಓಡುವ ದಾರಿಯಲ್ಲಿ, ಒಂದೇ ಅಂತರದಲ್ಲಿ ಗೆರೆಗಳಿದ್ದರೆ ಪೇಪರ್ ಹೆಜ್ಜೆ ಸರಿಯಾಗಿ ಮುಂದಕ್ಕೆ ಹೋಗುತ್ತಿಲ್ಲ, ಇಲ್ಲವೇ ಕ್ವಾಲಿಟಿ ಕಡಿಮೆ ಇಟ್ಟಿದ್ದೀರಿ. ಹೈ ಕ್ವಾಲಿಟಿ ಹಾಕಿ, ಹೈ ಸ್ಪೀಡ್ ಅಥವಾ ಬೈಡೈರೆಕ್ಷನಲ್ (ಹೆಡ್ ಹೋಗುವಾಗಲೂ ಬರುವಾಗಲೂ ಪ್ರಿಂಟ್ ಮಾಡುವುದು) ಎನ್ನುವ ಟಿಕ್ ತೆಗೆಯಿರಿ. ಪ್ರಿಂಟ್ ನಿಧಾನವಾಗುತ್ತದೆ, ಆದರೆ ಆಕಾಶ ನುಣುಪಾಗಿ ಬರುತ್ತದೆ. ಮುಳ್ಳಯ್ಯನಗಿರಿಯ ಮೇಲಿನ ಮಂಜಿನಂಥ ಫೋಟೋದಲ್ಲಿ ಇದರ ಬೆಲೆ ಗೊತ್ತಾಗುತ್ತದೆ, ಒಂದೇ ಬಣ್ಣ ಹರಡಿರುವ ಕಡೆಯೇ ಗೆರೆ ಮೊದಲು ಕಾಣುವುದು. ಅಂಚುಗಳು ಎರಡೆರಡಾಗಿ, ಅಕ್ಷರ ಜೋಡಿಯಾಗಿ ಕಂಡರೆ ಹೆಡ್ ಅಲೈನ್‌ಮೆಂಟ್, ಅಂದರೆ ಇಂಕ್ ಬೀಳುವ ಜಾಗ ಹೊಂದಿಸುವ ಆಯ್ಕೆ, ಮಾಡಿ. ಹಾಳೆಯ ಕೊನೆಯ ಭಾಗದಲ್ಲಿ ಮಾತ್ರ ಗೆರೆ ಇದ್ದರೆ ಅದು ರೋಲರ್ ಕೈಬಿಟ್ಟ ಜಾಗ. ಬಾರ್ಡರ್ ಬಿಟ್ಟು ಪ್ರಿಂಟ್ ಹಾಕಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಪೇಪರ್ ಬಗ್ಗೆ ಮಾತ್ರ ನಾನು ಜಾಸ್ತಿ ಹೇಳಬೇಕು, ಏಕೆಂದರೆ ಮಲೆನಾಡಿನ ಅರ್ಧ ದೂರುಗಳು ಇಲ್ಲೇ ಇವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ, ಬಟ್ಟೆ, ಚರ್ಮದ ಚಪ್ಪಲಿ ಎಲ್ಲಕ್ಕೂ ಬೂಷ್ಟು ಹಿಡಿಯುವ ಊರು ಇದು. ಆ ತೇವ ಫೋಟೋ ಪೇಪರಿಗೂ ಹೋಗುತ್ತದೆ. ಪೇಪರ್ ಬಾಗುತ್ತದೆ, ಬಾಗಿದ ಅಂಚು ಮೇಲೆದ್ದು ಹೆಡ್‌ಗೆ ತಾಗುತ್ತದೆ, ಅಂಚಿನಲ್ಲಿ ಕಪ್ಪು ಮಸಿ ಒರೆಸಿದ ಹಾಗೆ ಗುರುತು ಬೀಳುತ್ತದೆ. ಇಂಕ್ ಬೇಗ ಒಣಗುವುದಿಲ್ಲ, ಕಪ್ಪು ಜಾಗಗಳು ಅಂಟಂಟು. ಆದ್ದರಿಂದ ಪ್ಯಾಕ್ ಒಡೆದ ಮೇಲೆ ಬೇಕಾದಷ್ಟೇ ಹಾಳೆ ತೆಗೆದು, ಉಳಿದದ್ದನ್ನು ಜಿಪ್ ಕವರ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಚಪ್ಪಟೆಯಾಗಿ ಇಡಿ. ಟ್ರೇಯಲ್ಲಿ ರಾತ್ರಿ ಬಿಡಬೇಡಿ. ಬಾಗಿದ ಹಾಳೆಯನ್ನು ಎದುರು ದಿಕ್ಕಿಗೆ ಮೆಲ್ಲಗೆ ಬಾಗಿಸಿ ಸಮ ಮಾಡಿ, ಆಮೇಲೆ ಹಾಕಿ. ಪ್ರಿಂಟ್ ಆದ ಫೋಟೋಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಆಲ್ಬಮ್‌ಗೋ ಗಾಜಿನ ಫ್ರೇಮ್‌ಗೋ ಹಾಕುವ ಮೊದಲು ಕನಿಷ್ಠ 24 ಗಂಟೆ ಬಿಡಿ. ಮಳೆಗಾಲದಲ್ಲಿ ನಾನು ಇನ್ನೂ ಒಂದು ದಿನ ಸೇರಿಸುತ್ತೇನೆ.

ಯಾವ ಬದಿಗೆ ಪ್ರಿಂಟ್ ಹಾಕಬೇಕು ಅಂತ ಗೊತ್ತಾಗದಿದ್ದರೆ, ಬೆರಳನ್ನು ಸ್ವಲ್ಪ ಒದ್ದೆ ಮಾಡಿ ಮೂಲೆಯಲ್ಲಿ ಮುಟ್ಟಿ. ಅಂಟುವ ಬದಿಯೇ ಪ್ರಿಂಟ್ ಬದಿ. ಸೆಟ್ಟಿಂಗಿನಲ್ಲಿ ಪೇಪರ್ ಟೈಪ್ ಕಡ್ಡಾಯವಾಗಿ ಬದಲಿಸಿ. ಗ್ಲಾಸಿ, ಅಂದರೆ ಹೊಳಪಿನ ಫೋಟೋ ಪೇಪರ್ ಹಾಕಿ ಪ್ಲೇನ್ ಪೇಪರ್ ಎಂದೇ ಬಿಟ್ಟರೆ ಇಂಕಿನ ಲೆಕ್ಕವೇ ತಪ್ಪುತ್ತದೆ, ಬಣ್ಣ ಮಂಕಾಗಿ, ಕಾಳುಕಾಳಾಗಿ ಬರುತ್ತದೆ. ಕಪ್ಪು ಇಂಕ್ ಪಿಗ್ಮೆಂಟ್ (ಕರಗದ ಪುಡಿಬಣ್ಣದ ಇಂಕ್) ಆಗಿರುವ ಪ್ರಿಂಟರ್‌ಗಳಲ್ಲಿ ಇದು ಇನ್ನೂ ಮುಖ್ಯ. ಪಿಗ್ಮೆಂಟ್ ಕಪ್ಪು ಗ್ಲಾಸಿ ಮೇಲೆ ನಿಲ್ಲುವುದಿಲ್ಲ, ಬೆರಳಿಗೆ ಬರುತ್ತದೆ. ಗ್ಲಾಸಿ ಅಂತ ಆರಿಸಿದರೆ ಇಂಥ ಬಹಳಷ್ಟು ಪ್ರಿಂಟರ್‌ಗಳು ಆ ಕಪ್ಪನ್ನು ಬಿಟ್ಟು ಮೂರು ಬಣ್ಣ ಸೇರಿಸಿ ಕಪ್ಪು ಮಾಡುತ್ತವೆ.

ಇನ್ನು ಬಣ್ಣ. ನನ್ನ ಪರೀಕ್ಷೆಯ ಫೋಟೋ ಬೇಲೂರಿನ ಮದನಿಕೆ, ಅಂದರೆ ಚೆನ್ನಕೇಶವ ಗುಡಿಯ ಕಲ್ಲಿನ ಹೆಣ್ಣು ಶಿಲ್ಪ. ಅದಕ್ಕೂ ಪ್ರಿಂಟರಿಗೂ ಏನು ಸಂಬಂಧ ಅಂದರೆ, ಕಲ್ಲಿನ ಬಣ್ಣ. ಬಳಪದ ಕಲ್ಲು ಬೂದು, ಅದರಲ್ಲಿ ತುಸು ಹಸಿರು. ಬೂದು ಬಣ್ಣ ಯಾವ ತಪ್ಪನ್ನೂ ಮುಚ್ಚಿಡುವುದಿಲ್ಲ. ಕಾಫಿ ತೋಟದ ಹಸಿರು ಸ್ವಲ್ಪ ಆಚೀಚೆ ಆದರೆ ಯಾರಿಗೂ ತಿಳಿಯದು, ಮದನಿಕೆಯ ಕೆನ್ನೆ ಗುಲಾಬಿ ಆದರೆ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಆರು ಬಣ್ಣದ ಪ್ರಿಂಟರ್‌ನಲ್ಲಿ ಲೈಟ್ ಸಯಾನ್ ಕಟ್ಟಿದರೂ ಕಲ್ಲು ಕೆಂಪಾಗುತ್ತದೆ. ನಾಝಲ್ ಚೆಕ್ ಸರಿ ಇದ್ದೂ ಹಾಗಾದರೆ, ಬಣ್ಣವನ್ನು ಇಬ್ಬರು ತಿದ್ದುತ್ತಿದ್ದಾರೆ ಎಂದು ಅನುಮಾನಿಸಿ. ಫೋಟೋ ಸಾಫ್ಟ್‌ವೇರ್ ಪ್ರೊಫೈಲ್ (ಪೇಪರ್, ಇಂಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಫೈಲ್) ಹಾಕಿ ಕಳಿಸುತ್ತದೆ, ಪ್ರಿಂಟರ್ ಅದನ್ನು ಮತ್ತೆ ತಿದ್ದುತ್ತದೆ. ಒಬ್ಬರಿಗೆ ಮಾತ್ರ ಬಿಡಿ. ಒಂದೋ ಸಾಫ್ಟ್‌ವೇರ್‌ನಲ್ಲಿ ಪ್ರಿಂಟರೇ ಬಣ್ಣ ನೋಡಿಕೊಳ್ಳಲಿ ಎಂದು ಆರಿಸಿ, ಇಲ್ಲವೇ ಪ್ರಿಂಟರ್ ಡ್ರೈವರ್‌ನಲ್ಲಿ (ಕಂಪ್ಯೂಟರಿನ ಪ್ರಿಂಟ್ ಸೆಟ್ಟಿಂಗ್ ಇರುವ ಕಡೆ) ಬಣ್ಣದ ತಿದ್ದುಪಡಿ ಆಫ್ ಮಾಡಿ. ಬೇರೆ ಕಂಪನಿಯ ಇಂಕ್ ತುಂಬಿಸಿದ್ದರೆ ಪ್ರಿಂಟರ್ ಜೊತೆ ಬಂದ ಪ್ರೊಫೈಲ್ ಹೊಂದುವುದಿಲ್ಲ ಎಂಬುದೂ ನೆನಪಿರಲಿ.

ಪ್ರಿಂಟ್ ಕಪ್ಪಾಗಿ ಬಂತು ಎನ್ನುವ ದೂರಿಗೆ ಹೆಚ್ಚಿನ ಸಲ ಪ್ರಿಂಟರ್ ಕಾರಣವೇ ಅಲ್ಲ. ಮೊಬೈಲ್, ಕಂಪ್ಯೂಟರ್ ಪರದೆಯ ಬೆಳಕು ತೀರಾ ಜಾಸ್ತಿ ಇರುತ್ತದೆ. ಅದನ್ನು ಇಳಿಸಿ, ಪ್ರಿಂಟ್ ಅನ್ನು ಕಿಟಕಿ ಬಳಿ ಹಗಲು ಬೆಳಕಲ್ಲಿ ಹಿಡಿದು ನೋಡಿ. ಪಕ್ಕದ ಮನೆ ಹುಡುಗಿ ಒಮ್ಮೆ ಬಂದು, “ಆಂಟಿ, ನಮ್ಮ ಅಜ್ಜಿ ಫೋಟೋ ಮಸುಕು ಬರ್ತಿದೆ, ಪ್ರಿಂಟರ್ ಹಾಳಾಯ್ತಾ?” ಎಂದಳು. ಅದು ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ದಾಟಿ, ಪಿಕ್ಸೆಲ್ ಕಳೆದುಕೊಂಡು ಬಂದ ಫೋಟೋ. 4×6 ಇಂಚಿಗೆ ಒಳ್ಳೆಯ ಪ್ರಿಂಟ್ ಬೇಕಾದರೆ 1200×1800 ಪಿಕ್ಸೆಲ್ ಇರಬೇಕು, ಎ4 ಪೂರ್ತಿಗೆ 2480×3508. ತೆಗೆದವರ ಹತ್ತಿರ ಮೂಲ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ ಎಂದೆ. ಅಜ್ಜಿಯ ಮೂಗುತಿಯ ಹರಳೂ ಸ್ಪಷ್ಟವಾಗಿ ಬಂತು.

ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪೂರ್ತಿ ಎ4 ಹಾಳು ಮಾಡಬೇಡಿ, ಫೋಟೋದ ಒಂದು ತುಂಡನ್ನು ಪುಟ್ಟದಾಗಿ ಹಾಕಿ ನೋಡಿ. ಪ್ರತಿ ತುಂಡಿನ ಹಿಂದೆ ಪೆನ್ಸಿಲ್‌ನಲ್ಲಿ ಸೆಟ್ಟಿಂಗ್ ಬರೆದಿಡಿ.

ಇಷ್ಟೆಲ್ಲ ಆದ ಮೇಲೂ ನಾಝಲ್ ಚೆಕ್‌ನಲ್ಲಿ ಒಂದು ಬಣ್ಣ ಪೂರ್ತಿ ಕಾಣೆಯಾಗಿದ್ದರೆ ಸರ್ವಿಸ್‌ನವರಿಗೆ ತೋರಿಸುವುದೇ ಸರಿ. ಹೋಗುವಾಗ ನಾಝಲ್ ಚೆಕ್ ಹಾಳೆಗಳನ್ನು ದಿನಾಂಕ ಹಾಕಿ, ಕೆಟ್ಟು ಬಂದ ಫೋಟೋ ಜೊತೆಗೆ ತೆಗೆದುಕೊಂಡು ಹೋಗಿ. ಟ್ಯಾಂಕ್ ಪ್ರಿಂಟರ್ ಆದರೆ ಮುಚ್ಚಳ ಬಿಗಿ ಮಾಡಿ, ಸಾಗಿಸುವಾಗ ಹಾಕುವ ಲಾಕ್ ಇದ್ದರೆ ಹಾಕಿ, ಕಾರಿನಲ್ಲಿ ನೆಟ್ಟಗೆ ಕೂರಿಸಿ. ನಮ್ಮ ತಿರುವಿನ ರಸ್ತೆಗಳಲ್ಲಿ ಓರೆಯಾಗಿ ಇಟ್ಟರೆ ಇಂಕ್ ಚೆಲ್ಲುತ್ತದೆ, ಪೈಪಿಗೆ ಗಾಳಿಯೂ ಸೇರುತ್ತದೆ.